ವಾಟೆಯ ಆಯುಷ್ಯ

ಶೀತದೇಶಗಳಲ್ಲಿ ಹಣ್ಣಿನ ಬೀಜಗಳನ್ನು ಚಳಿಗೆ ಅಂಜಿ ಮನೆಯೊಳಗೆ ಮೊಳೆಯಿಸುವರು. ಇಜೇರಿಯ ಸೀಮೆಯಲ್ಲಿ ಅಂಜಬೇಕಾದುದು ಬಿಸಿಲಿಗೆ. ಬೇಸಿಗೆಯಲ್ಲಿ ಇಲ್ಲಿನ ತಾಪ 40 ಡಿಗ್ರಿ ಸೆಲ್ಸಿಯಸ್ ದಾಟುವುದುಂಟು. ಹುಣಸೆಯ ಬೀಜ ಗಟ್ಟಿ ಜೀವದ್ದು. ತಿಂಗಳುಗಟ್ಟಲೆ ಕಾದಿಟ್ಟು, ಒಂದು ರಾತ್ರಿ ನೀರಿನಲ್ಲಿ ನೆನೆಯಿಸಿ ಬಿತ್ತಿದರೂ ಮೊಳೆಯುತ್ತದೆ. ಮಾವಿನ ವಾಟೆಯ ಮಾತು ಬೇರೆ. ಅದರೊಳಗಿನ ತೇವ ಆರಿತೆಂದರೆ ಜೀವವೂ ಆರಿತು. ಒಣಗಿಸಿ ಜೋಪಾನವಾಗಿಡುವ ಜಾಣತನವೇ ಅದಕ್ಕೆ ಮೃತ್ಯು! ಹಣ್ಣು ತಿಂದ ಕೆಲವೇ ದಿನಗಳಲ್ಲಿ, ಹೆಚ್ಚೆಂದರೆ ಒಂದು ತಿಂಗಳೊಳಗೆ, ಅದನ್ನು ಊರಬೇಕು. ಆದುದರಿಂದ ಮೇ ತಿಂಗಳ ಹಣ್ಣಿನ ವಾಟೆಯನ್ನು ಮಳೆಗಾಲದವರೆಗೆ ಕಾಯಿಸದೆ, ಮಣ್ಣು ಗೊಬ್ಬರ ತುಂಬಿದ ಕುಂಡದಲ್ಲಿ ನೆಟ್ಟು ಪಡಸಾಲೆಯ ನೆರಳಿನಲ್ಲಿಟ್ಟು, ಮಣ್ಣು ಆರದಂತೆ ನೀರು ಚಿಮುಕಿಸುವುದು ಲೇಸು. ಎಳೆಯ ಎಲೆಗಳ ತಾಮ್ರವರ್ಣ ಹಸುರಿಗೆ ತಿರುಗಿದ ಮೇಲೆ ಸಸಿಯನ್ನು ಮೆಲ್ಲಮೆಲ್ಲನೆ ಬಿಸಿಲಿಗೆ ಒಗ್ಗಿಸಬಹುದು.