ಮೇಘಾರಣ್ಯದಲ್ಲಿ ಸ್ವಯಂಸೇವೆ

ಸ್ವಯಂಸೇವಕ ಎಂದೊಡನೆ ನಮ್ಮ ವಿದ್ಯಾರ್ಥಿಗಳ ಮನಸ್ಸಿಗೆ ಬರುವ ಚಿತ್ರ ಬಹುಮಟ್ಟಿಗೆ ಒಂದೇ: ಜಾತ್ರೆಯ ದಿನ ತೋಳಿಗೆ ಪಟ್ಟಿ ಕಟ್ಟಿಕೊಂಡು ಪಂಕ್ತಿಯಲ್ಲಿ ನೀರು ಬಡಿಸುವವನು, ಇಲ್ಲವೆ ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರದಲ್ಲಿ ಗುದ್ದಲಿ ಹಿಡಿದು ಹಳ್ಳಿಯ ಚರಂಡಿ ತೋಡುವವನು. ಸಾವಿರಾರು ಮೈಲಿ ದೂರದ ಪರದೇಶಕ್ಕೆ ಸ್ವಂತ ಖರ್ಚಿನಿಂದ ಹೋಗಿ, ಅಲ್ಲಿಯ ಕಾಡಿನಲ್ಲಿ ಕೂಲಿಯನ್ನು ಬಯಸದೆ ದುಡಿದು, ತನ್ನ ಊಟ ವಸತಿಗೆ ತಾನೇ ಹಣ ತೆತ್ತು ಹಿಂತಿರುಗುವವರೂ ಇದ್ದಾರೆಂದರೆ ಅವರಿಗೆ ಸೋಜಿಗವೆನಿಸೀತು. ಹೊರದೇಶಗಳಲ್ಲಿ ಓದುತ್ತಿರುವ, ಉದ್ಯೋಗದಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿಗಳ ಸಂಖ್ಯೆ ಬೆಳೆಯುತ್ತಿರುವ ಈ ಕಾಲದಲ್ಲಿ ಇಂಥ ಅವಕಾಶ ಕೆಲವರ ಬಾಗಿಲಿಗೂ ಬರಬಹುದು. ಆದಕಾರಣ ಹೀಗೆ ಹೋದವನು ಅಲ್ಲಿ ಮಾಡುವುದಾದರೂ ಏನು, ಅದರಿಂದ ಕಾಡಿಗೆ ಒದಗುವ ಪ್ರಯೋಜನವೆಷ್ಟು ಎಂಬುದನ್ನು ಮಧ್ಯ ಅಮೆರಿಕದ ಕೋಸ್ಟರಿಕ ದೇಶದಲ್ಲಿರುವ ಮಾಂಟೆವರ್ದೆ ಎಂಬ ಸ್ಥಳದ ನಿದರ್ಶನದಿಂದ ಇಲ್ಲಿ ವಿವರಿಸಲಾಗಿದೆ.

ಕೋಸ್ಟರಿಕ ಚಿಕ್ಕ ದೇಶ. ಅದರ ವಿಸ್ತೀರ್ಣ ಸುಮಾರು 51,000 ಚದರ ಕಿಲೋಮೀಟರು. ನಮ್ಮ ಕರ್ನಾಟಕದ ಕಾಲುಭಾಗಕ್ಕಿಂತ ತುಸು ಹೆಚ್ಚು. ಪೂರ್ವಕ್ಕೆ ಕೆರಿಬಿಯನ್ ಸಮುದ್ರ, ಪಶ್ಚಿಮಕ್ಕೆ ಪೆಸಿಫಿಕ್ ಮಹಾಸಾಗರ, ನಡುವೆ ಬೆನ್ನೆಲುಬಿನಂತೆ ಹಾಯ್ದ ಪರ್ವತಶ್ರೇಣಿ. ಈ ಶ್ರೇಣಿಯ ತಿಲಾರಾನ್ ಎಂಬ ಭಾಗದಲ್ಲಿ, ಸಮುದ್ರಮಟ್ಟದಿಂದ ಸುಮಾರು 1,400 ಮೀಟರ್ ಎತ್ತರದಲ್ಲಿ ಮಾಂಟೆವರ್ದೆ ಇದೆ. ಸ್ಪ್ಯಾನಿಷ್ ಭಾಷೆಯಲ್ಲಿ ಆ ಹೆಸರಿನ ಅರ್ಥ ಹಸಿರು ಬೆಟ್ಟ. ಕೆರಿಬಿಯನ್ ಕಡೆಯಿಂದ ತೇವವನ್ನು ಹೊತ್ತು ಬರುವ ಗಾಳಿ ಬೆಟ್ಟವನ್ನೇರುತ್ತ ತಣಿದು ಮೋಡವಾಗಿ, ನೆತ್ತಿಯ ಕಾಡನ್ನು ಆವರಿಸಿಕೊಳ್ಳುತ್ತದೆ. ಮಳೆ ಬೀಳದ ದಿನವೂ ಎಲೆ, ಹಾವಸೆ, ಜರೀಗಿಡಗಳು ಆ ಮಂಜನ್ನು ಸೋಸಿ ಹನಿಹನಿಯಾಗಿ ನೆಲಕ್ಕಿಳಿಸುತ್ತವೆ. ಕುದುರೆಮುಖದ ಶೋಲಾ ಕಾಡುಗಳಲ್ಲಿ ಮುಂಜಾನೆ ನಡೆದವರಿಗೆ ಈ ಹನಿಯ ಸದ್ದು ಅಪರಿಚಿತವಲ್ಲ. ಮೇಘಾರಣ್ಯವೆಂದು ಕರೆಯುವುದು ಇಂಥ ಕಾಡನ್ನೇ.

ಈ ಕಾಡು ಉಳಿದ ಕಥೆಯನ್ನು ತಿಳಿಯದೆ ಅಲ್ಲಿಯ ಸೇವೆಯ ಸ್ವರೂಪ ಅರ್ಥವಾಗದು. ಅಮೆರಿಕ ಸಂಯುಕ್ತ ಸಂಸ್ಥಾನದ ಅಲಬಾಮಾ ಪ್ರಾಂತದಲ್ಲಿ ಕ್ವೇಕರ್ ಪಂಥದ ಕೆಲವು ಕುಟುಂಬಗಳಿದ್ದವು. ಯುದ್ಧದಲ್ಲಿ ಭಾಗವಹಿಸಕೂಡದೆಂಬುದು ಅವರ ವ್ರತ. ಸೈನ್ಯದ ಪಟ್ಟಿಯಲ್ಲಿ ಹೆಸರು ಬರೆಸಲು ಒಪ್ಪದ ಅವರ ನಾಲ್ವರು ತರುಣರು 1949ರಲ್ಲಿ ಸೆರೆವಾಸ ಅನುಭವಿಸಬೇಕಾಯಿತು. ಕೋಸ್ಟರಿಕವಾದರೋ 1948ರಲ್ಲಿ ತನ್ನ ಸೈನ್ಯವನ್ನೇ ವಿಸರ್ಜಿಸಿದ ದೇಶ. ಸೈನ್ಯವಿಲ್ಲದ ನಾಡನ್ನು ಅರಸಿಕೊಂಡು 1951ರಲ್ಲಿ ಈ ಕುಟುಂಬಗಳು ಮಾಂಟೆವರ್ದೆಗೆ ಬಂದು ನೆಲೆಸಿದವು. ಹೈನುಗಾರಿಕೆ ಅವರ ಜೀವನೋಪಾಯವಾಯಿತು. ಹಾಲನ್ನು ಆ ಕೆಟ್ಟ ದಾರಿಯಲ್ಲಿ ಪೇಟೆಗೆ ಸಾಗಿಸಲಾಗದೆ ಚೀಸ್ ತಯಾರಿಸತೊಡಗಿದರು. ಅವರೂ ಹುಲ್ಲುಗಾವಲಿಗಾಗಿ ಕಾಡು ಕಡಿದವರೇ. ಆದರೆ ತಮ್ಮ ನೀರಿನ ಮೂಲವಾದ ಮೇಲಿನ ಬೆಟ್ಟದ ಸುಮಾರು 550 ಹೆಕ್ಟೇರ್ ಕಾಡನ್ನು, ಅಂದರೆ ಕೊಂಡ ಭೂಮಿಯ ಮೂರನೆಯ ಒಂದು ಭಾಗದಷ್ಟನ್ನು, ಮುಟ್ಟದೆ ಬಿಡಬೇಕೆಂದು ಮೊದಲಿಗೇ ನಿಶ್ಚಯಿಸಿಕೊಂಡರು. 1972ರಲ್ಲಿ ಪಕ್ಷಿಗಳ ಅಧ್ಯಯನಕ್ಕೆ ಬಂದ ಜಾರ್ಜ್ ಪೋವೆಲ್ ಎಂಬ ತರುಣ ವಿಜ್ಞಾನಿಯೂ ಅವನ ಪತ್ನಿ ಹ್ಯಾರಿಯೆಟ್ ಪೋವೆಲಳೂ ಕ್ವೇಕರ್ ರೈತ ವಿಲ್‌ಫೋರ್ಡ್ ಗಿಂಡನ್ನನೊಡಗೂಡಿ ಅದರ ಪಕ್ಕದ ಕಾಡನ್ನು ರಕ್ಷಿತಾರಣ್ಯವಾಗಿಸುವ ಕಾರ್ಯ ಆರಂಭಿಸಿದರು.

ಇದಕ್ಕಿಂತ ನಮ್ಮ ಶಾಲೆಯ ಮಕ್ಕಳಿಗೆ ಹೆಚ್ಚು ರುಚಿಸುವ ಅಧ್ಯಾಯ 1987ರದು. ಸ್ವೀಡನ್ ದೇಶದ ಫಾಗರ್‌ವಿಕ್ ಎಂಬ ಹಳ್ಳಿಯ ಸಣ್ಣ ಶಾಲೆಯಲ್ಲಿ ಏಹಾ ಕೆರ್ನ್ ಎಂಬ ಉಪಾಧ್ಯಾಯಿನಿ ಮಳೆಕಾಡುಗಳ ನಾಶವನ್ನು ಕುರಿತು ಪಾಠ ಹೇಳುತ್ತಿದ್ದರು. ಮಾಂಟೆವರ್ದೆಯಲ್ಲಿ ಸಂಶೋಧನೆ ನಡೆಸಿದ್ದ ಶರೋನ್ ಕಿನ್ಸ್‌ಮನ್ ಎಂಬ ಜೀವವಿಜ್ಞಾನಿ ಆ ತರಗತಿಗೆ ಬಂದು ಅಲ್ಲಿಯ ಕಾಡಿನ ವಿಷಯ ತಿಳಿಸಿದರು. ಆ ಕಾಡನ್ನು ನಾವೇ ಕೊಂಡುಕೊಂಡರೆ ಯಾರೂ ಕಡಿಯಲಾರರಲ್ಲವೆ ಎಂದು ರೋಲಂಡ್ ತಿಯೆನ್ಸೂ ಎಂಬ ಒಂಬತ್ತು ವರ್ಷದ ಬಾಲಕನಿಗೆ ಹೊಳೆಯಿತು. ಮಕ್ಕಳು ನಾಟಕವಾಡಿದರು, ತಿಂಡಿ ಮಾಡಿ ಮಾರಿದರು. ಬಂದ ಹಣದಲ್ಲಿ ಕೆಲವು ಹೆಕ್ಟೇರ್ ಕಾಡು ಕೊಳ್ಳಲು ಸಾಧ್ಯವಾಯಿತು. ಸುದ್ದಿ ಹಬ್ಬಿ 44 ದೇಶಗಳ ಮಕ್ಕಳು ಕೈಗೂಡಿಸಿದರು. 1986ರಲ್ಲಿ ಸ್ಥಾಪಿತವಾಗಿದ್ದ ಮಾಂಟೆವರ್ದೆ ಸಂರಕ್ಷಣಾ ಸಂಘವು ಆ ಹಣದಿಂದ ತುಂಡುತುಂಡಾಗಿ ಭೂಮಿ ಕೊಳ್ಳುತ್ತ ಹೋಗಿ, ಇಂದು ಮಕ್ಕಳ ಶಾಶ್ವತ ಮಳೆಕಾಡು ಎಂಬ ಹೆಸರಿನ ಆ ಅರಣ್ಯ 22,000 ಹೆಕ್ಟೇರನ್ನು ಮೀರಿದೆ. ಕೋಸ್ಟರಿಕದ ಖಾಸಗಿ ರಕ್ಷಿತಾರಣ್ಯಗಳಲ್ಲಿ ಅದೇ ದೊಡ್ಡದು. ಕೆರ್ನ್ ಮತ್ತು ತಿಯೆನ್ಸೂ ಇಬ್ಬರಿಗೂ 1991ರಲ್ಲಿ ಗೋಲ್ಡ್‌ಮನ್ ಪರಿಸರ ಪ್ರಶಸ್ತಿ ಸಂದಿತು. ಆ ಮಕ್ಕಳಲ್ಲಿ ಬಹುತೇಕರು ಹಣ ಕಳುಹಿಸುವಾಗ ಕೋಸ್ಟರಿಕವನ್ನು ಕಂಡವರೇ ಅಲ್ಲವೆಂಬುದನ್ನು ಗಮನಿಸಬೇಕು.

ಭೂಮಿಯನ್ನು ಕೊಂಡು ಬೇಲಿ ಹಾಕಿದ ಮೇಲೆ ಹೊರಗಿನಿಂದ ಬಂದವರಿಗೆ ಉಳಿಯುವ ಕೆಲಸವೇನು ಎಂಬ ಪ್ರಶ್ನೆಗೆ ಉತ್ತರವನ್ನು ಒಂದು ಹಕ್ಕಿಯಿಂದ ಆರಂಭಿಸುವುದು ಸುಲಭ. ಕೊಕ್ಕಿನ ಬಳಿ ಮೂರು ಜೋಲುಗಳಿರುವ ಗಂಟೆಹಕ್ಕಿ ಮಾಂಟೆವರ್ದೆಯ ಎತ್ತರದ ಕಾಡಿನಲ್ಲಿ ಮರಿಮಾಡುತ್ತದೆ. ಆಮೇಲೆ ಅಲ್ಲಿ ನಿಲ್ಲದೆ ಬೆಟ್ಟವಿಳಿದು ತಪ್ಪಲುಗಳ ಕಾಡುಗಳಲ್ಲಿ ಹಣ್ಣು ಹುಡುಕುತ್ತ ಅಲೆದು, ಮತ್ತೆ ಮರಿಮಾಡುವ ಕಾಲಕ್ಕೆ ಮೇಲೇರುತ್ತದೆ. ಮೇಲಿನ ಕಾಡು ಭದ್ರವಾಗಿದ್ದರೂ ಪೆಸಿಫಿಕ್ ಕಡೆಯ ತಪ್ಪಲು ದನಗಳ ಹುಲ್ಲುಗಾವಲಾಗಿ, ಕಾಫಿ ತೋಟವಾಗಿ ಚೂರುಚೂರಾಗಿದೆ. ಕ್ವೆಟ್ಸಾಲ್ ಎಂಬ ಹಸಿರು ಕೆಂಪು ಬಣ್ಣದ ಸುಂದರ ಪಕ್ಷಿಯ ಗತಿಯೂ ಹೆಚ್ಚು ಕಡಿಮೆ ಇದೇ. ಇವೆರಡರ ಮುಖ್ಯ ಆಹಾರ ನಮ್ಮ ಬೆಣ್ಣೆಹಣ್ಣಿನ ಕುಲಕ್ಕೆ ಸೇರಿದ ಕಾಡುಮರಗಳ ಹಣ್ಣು. ಹಕ್ಕಿಗಳು ಹಣ್ಣನ್ನು ಇಡಿಯಾಗಿ ನುಂಗಿ, ತಿರುಳನ್ನು ಅರಗಿಸಿಕೊಂಡು ಬೀಜವನ್ನು ದೂರದಲ್ಲಿ ಉಗುಳುತ್ತವೆ. ಹಕ್ಕಿಯಿಲ್ಲದೆ ಮರ ಹಬ್ಬದು, ಮರವಿಲ್ಲದೆ ಹಕ್ಕಿ ಬದುಕದು. ಬೆಟ್ಟದ ನೆತ್ತಿಯಿಂದ ನಿಕೋಯ ಕೊಲ್ಲಿಯ ಕಾಂಡ್ಲಾ ಕಾಡಿನವರೆಗೆ ಮರಗಳ ಕೊಂಡಿಯೊಂದನ್ನು ಮತ್ತೆ ಬೆಸೆಯುವುದು ಗಂಟೆಹಕ್ಕಿಯ ಹೆಸರಿನಲ್ಲೇ ನಡೆದಿರುವ ಯೋಜನೆಯ ಗುರಿ. ಅದಕ್ಕೆ ಸಸಿಗಳು ಬೇಕು, ಸಸಿಗಳಿಗೆ ನರ್ಸರಿ ಬೇಕು, ನರ್ಸರಿಗೆ ಕೈಗಳು ಬೇಕು.

ಸ್ವಯಂಸೇವಕನ ಕೆಲಸ ಹೆಚ್ಚಾಗಿ ಇಲ್ಲಿಯೇ. ಮರದಡಿಯಲ್ಲಿ ಬಿದ್ದ ಹಣ್ಣನ್ನು ಆಯ್ದು ತರುವುದು, ತಿರುಳನ್ನು ತೊಳೆದು ತೆಗೆಯುವುದು, ಮಣ್ಣು ಜರಡಿಹಿಡಿದು ಚೀಲ ತುಂಬುವುದು, ಬೀಜ ಊರುವುದು, ನೆರಳು ಮಾಡಿ ನೀರುಣಿಸುವುದು. ಬಯಲುಸೀಮೆಯ ನಮ್ಮ ಅರಣ್ಯ ಇಲಾಖೆಯ ಯಾವ ನರ್ಸರಿಯಲ್ಲಿಯೂ ನಡೆಯುವ ಕೆಲಸವೇ ಇದು. ಚಲನಚಿತ್ರದಲ್ಲಿ ಕಾಣುವ ಕಾಡಿನ ಸಾಹಸವನ್ನು ನಿರೀಕ್ಷಿಸಿ ಹೋದವನಿಗೆ ಮೊದಲ ವಾರವೇ ಬೇಸರ ಬರುವುದು ನಿಶ್ಚಯ. ಮಳೆಗಾಲ ಅಲ್ಲಿ ಮೇ ತಿಂಗಳಲ್ಲಿ ತೊಡಗುತ್ತದೆ. ಆಗ ಸಸಿಗಳನ್ನು ರೈತರ ಹೊಲದಂಚಿಗೆ, ತೊರೆಯ ದಂಡೆಗೆ, ಬಿಟ್ಟುಹೋದ ಗೋಮಾಳಕ್ಕೆ ಹೊತ್ತು ನೆಡಬೇಕು. ಮಧ್ಯಾಹ್ನದ ಹೊತ್ತಿಗೆ ಮಳೆ ಹಿಡಿಯುವುದರಿಂದ ಬೆಳಕು ಹರಿಯುತ್ತಲೇ ಕೆಲಸಕ್ಕೆ ಇಳಿಯುವುದು ಅನುಕೂಲ.

ನೆಡುವ ದಿನ ಎಲ್ಲರೂ ಬರುತ್ತಾರೆ, ಛಾಯಾಚಿತ್ರವೂ ತೆಗೆಯಲ್ಪಡುತ್ತದೆ. ನಿಜವಾದ ಕಷ್ಟ ಆಮೇಲಿನದು. ದನಗಳಿಗಾಗಿ ಆಫ್ರಿಕದಿಂದ ತಂದು ಬಿತ್ತಿದ ಹುಲ್ಲು ಅಲ್ಲಿಯ ಗಾವಲುಗಳಲ್ಲಿ ಆಳೆತ್ತರಕ್ಕೂ ಬೆಳೆಯಬಲ್ಲದು. ಮೊಣಕಾಲುದ್ದದ ಸಸಿಯನ್ನು ಅದು ಕೆಲವು ವಾರಗಳಲ್ಲೇ ಮುಚ್ಚಿ ಉಸಿರು ಕಟ್ಟಿಸುತ್ತದೆ. ಸಸಿ ಹುಲ್ಲಿನ ತಲೆಯನ್ನು ಮೀರಿ ತನ್ನ ನೆರಳನ್ನು ತಾನೇ ಚೆಲ್ಲುವವರೆಗೆ, ಎರಡು ಮೂರು ವರ್ಷ, ಒಬ್ಬರು ಮಚ್ಚು ಹಿಡಿದು ಅದರ ಸುತ್ತ ಮತ್ತೆ ಮತ್ತೆ ಸವರುತ್ತಿರಬೇಕು. ಈ ಕೆಲಸವನ್ನು ಬಹುಪಾಲು ಮಾಡುವವರು ಸ್ಥಳೀಯರೇ. ಎರಡು ವಾರಕ್ಕೆ ಬಂದ ಪರದೇಶಿಗನಿಗೆ ಮಚ್ಚು ಬೀಸುವುದನ್ನು ಕಲಿಸುವಷ್ಟರಲ್ಲಿ ಅವನ ವಿಮಾನದ ದಿನ ಬಂದಿರುತ್ತದೆ. ಹುಲ್ಲಿನೊಡನೆ ಸಸಿಯನ್ನೂ ಕತ್ತರಿಸಿಬಿಡುವ ಭಯ ಬೇರೆ. ಹೀಗಾಗಿ ಅಲ್ಪಕಾಲಕ್ಕೆ ಬಂದವನಿಗೆ ಕಾಲುದಾರಿ ಸರಿಪಡಿಸುವ, ಚೀಲ ತುಂಬುವ ಕೆಲಸವೇ ದೊರೆತರೆ ಅದನ್ನು ಅವಮಾನವೆಂದು ಎಣಿಸಬಾರದು.

ಈ ಕಾಡಿನ ಗಾಯ ಎಷ್ಟು ನಿಧಾನವಾಗಿ ಮಾಯುತ್ತದೆಂಬುದನ್ನು ತೋರಿಸಿಕೊಟ್ಟವರಲ್ಲಿ ಭಾರತೀಯ ತಂದೆಯ ಮಗಳಾಗಿ ಅಮೆರಿಕದಲ್ಲಿ ಹುಟ್ಟಿದ ವಿಜ್ಞಾನಿ ನಳಿನಿ ನಾಡಕರ್ಣಿಯವರು ಪ್ರಮುಖರು. ಪರ್ವತಾರೋಹಿಗಳಂತೆ ಹಗ್ಗದ ನೆರವಿನಿಂದ ಮಾಂಟೆವರ್ದೆಯ ಮರಗಳ ನೆತ್ತಿಯನ್ನೇರಿ, ಕೊಂಬೆಗಳ ಮೇಲೆ ದಪ್ಪ ಜಮಖಾನೆಯಂತೆ ಹರಡಿರುವ ಹಾವಸೆಯನ್ನೂ ಅದರೊಳಗಿನ ಮಣ್ಣನ್ನೂ ಅವರು ಅಭ್ಯಸಿಸಿದರು. ಕೊಂಬೆಯ ಒಂದು ತುಂಡಿನಿಂದ ಆ ಹೊದಿಕೆಯನ್ನು ಕಿತ್ತು ನೋಡಿದಾಗ, ಅದು ಮತ್ತೆ ಬೆಳೆದು ತುಂಬಿಕೊಳ್ಳಲು ದಶಕಗಳೇ ಬೇಕೆಂದು ಕಂಡುಬಂತು.

ಬೇಲಿಯೊಳಗಿನ ರಕ್ಷಣೆಗೂ ಮಿತಿಯುಂಟು. ಹೊನ್ನಗಪ್ಪೆಯೆಂಬ ಉಜ್ವಲ ಕಿತ್ತಳೆ ಬಣ್ಣದ ನೆಲಗಪ್ಪೆ ಜಗತ್ತಿನಲ್ಲೆಲ್ಲ ಮಾಂಟೆವರ್ದೆಯ ಕೆಲವೇ ಚದರ ಕಿಲೋಮೀಟರು ಕಾಡಿನಲ್ಲಿ ಮಾತ್ರ ಇತ್ತು. 1987ರಲ್ಲಿ ಸಾವಿರದೈನೂರಕ್ಕೂ ಹೆಚ್ಚು ಕಪ್ಪೆಗಳು ನೀರಿನ ಗುಂಡಿಗಳಲ್ಲಿ ಕಂಡವು. 1989ರಲ್ಲಿ ಕಂಡದ್ದು ಒಂದೇ ಒಂದು. ತರುವಾಯ ಯಾರೂ ಅದನ್ನು ಕಂಡಿಲ್ಲ. 2004ರಲ್ಲಿ ಅದು ನಿರ್ವಂಶವಾಯಿತೆಂದು ಘೋಷಿಸಲಾಯಿತು. ಕಪ್ಪೆಗಳ ಚರ್ಮಕ್ಕೆ ತಗಲುವ ಶಿಲೀಂಧ್ರರೋಗ ಮತ್ತು ಮಂಜು ತಪ್ಪಿ ಒಣಗಿದ ಋತುಗಳು ಇದಕ್ಕೆ ಕಾರಣಗಳೆಂದು ವಿಜ್ಞಾನಿಗಳು ಹೇಳುತ್ತಾರೆ. ಯಾವುದರ ಪಾಲು ಎಷ್ಟೆಂಬುದರಲ್ಲಿ ಒಮ್ಮತವಿಲ್ಲ. ಆ ಕಪ್ಪೆಯಿದ್ದ ಕಾಡನ್ನು ಯಾರೂ ಕಡಿದಿರಲಿಲ್ಲ. ದೂರದಿಂದ ವಿಮಾನದಲ್ಲಿ ಬರುವ ಸ್ವಯಂಸೇವಕನು, ತಾನು ಸುಟ್ಟ ಇಂಧನವೂ ಮೋಡವನ್ನು ಮೇಲೆ ಸರಿಸುವ ಆ ಶಾಖದಲ್ಲಿ ಸೇರಿದೆಯೆಂಬುದನ್ನು ಮರೆಯುವಂತಿಲ್ಲ. ಹತ್ತು ದಿನಕ್ಕಾಗಿ ಭೂಮಿಯ ಅರ್ಧ ಸುತ್ತು ಹಾಕುವುದು ಈ ಲೆಕ್ಕದಲ್ಲಿ ನಷ್ಟದ ವ್ಯಾಪಾರವೆಂದೇ ನನ್ನ ಅಭಿಪ್ರಾಯ.

ಹೊರಗಿನವರ ಸೇವೆಯನ್ನು ಅತಿಯಾಗಿ ಹೊಗಳುವುದೂ ನ್ಯಾಯವಲ್ಲ. ಇಪ್ಪತ್ತನೆಯ ಶತಮಾನದಲ್ಲಿ ಗೋಮಾಂಸದ ರಫ್ತಿಗಾಗಿ ಸಾಲ ಕೊಟ್ಟು ಕಾಡು ಕಡಿಸಿದ್ದ ಕೋಸ್ಟರಿಕ, 1996ರ ಅರಣ್ಯ ಶಾಸನದಿಂದ ಕಾಡನ್ನು ಬೇರೆ ಉಪಯೋಗಕ್ಕೆ ಪರಿವರ್ತಿಸುವುದನ್ನು ನಿಷೇಧಿಸಿತು. ಕಾಡು ಉಳಿಸಿದ ಭೂಮಾಲೀಕರಿಗೆ ಇಂಧನ ತೆರಿಗೆಯ ಒಂದಂಶದಿಂದ ಹಣ ಕೊಡತೊಡಗಿತು. 1980ರ ದಶಕದಲ್ಲಿ ದೇಶದ ಸುಮಾರು ಕಾಲುಭಾಗಕ್ಕೆ ಕುಗ್ಗಿದ್ದ ಅರಣ್ಯ ಇಂದು ಅರ್ಧವನ್ನು ದಾಟಿದೆ. ಇದು ಶಾಸನದ, ರೈತರ, ಕಾವಲುಗಾರರ ಸಾಧನೆ. ಸ್ವಯಂಸೇವಕ ಕೊಡುವ ಊಟ ವಸತಿಯ ಹಣ ಸಂಸ್ಥೆಗಳಿಗೆ ಅವನ ಶ್ರಮಕ್ಕಿಂತ ಹೆಚ್ಚು ಉಪಯುಕ್ತವಾಗುವ ಸಂದರ್ಭಗಳೂ ಉಂಟು. ಅದನ್ನು ತಿಳಿದೇ ಹೋಗುವುದು ಲೇಸು.

ಹೋಗಬಯಸುವವರು ಕನಿಷ್ಠ ಎರಡು ಮೂರು ತಿಂಗಳ ಬಿಡುವು ಮಾಡಿಕೊಳ್ಳಬೇಕು. ಮುಂಚೆಯೇ ಸ್ಪ್ಯಾನಿಷ್ ಕಲಿಯಬೇಕು, ಏಕೆಂದರೆ ಮಚ್ಚು ಹಿಡಿಯುವುದನ್ನು ಕಲಿಸುವ ರೈತನಿಗೆ ಇಂಗ್ಲಿಷ್ ಬಾರದಿರಬಹುದು. ನೆಟ್ಟ ಸಸಿಗಳಲ್ಲಿ ಮೂರು ವರ್ಷದ ಮೇಲೆ ಎಷ್ಟು ಉಳಿದಿವೆ, ಕಳೆ ತೆಗೆಯುವವರು ಯಾರು, ಕೊಟ್ಟ ಹಣದಲ್ಲಿ ಸ್ಥಳೀಯರ ಸಂಬಳಕ್ಕೆ ಎಷ್ಟು ಸಲ್ಲುತ್ತದೆ ಎಂದು ಸಂಸ್ಥೆಯನ್ನು ಮೊದಲೇ ಕೇಳಬೇಕು. ಕಾಡುಪ್ರಾಣಿಗಳನ್ನು ಮುಟ್ಟಿಸಿ ಮುದ್ದಾಡಿಸುತ್ತೇವೆಂದು ಕರೆಯುವ ಕಡೆಗೆ ಹೋಗಲೇಬಾರದು. ಇನ್ನು ಋತುವಿನ ಮಾತು. ಗಂಟೆಹಕ್ಕಿಯ ಲೋಹದ ದನಿಯನ್ನು ಮಾಂಟೆವರ್ದೆಯಲ್ಲಿ ಕೇಳಬೇಕೆಂಬುವವರು ಮಾರ್ಚಿಯಿಂದ ಜುಲೈವರೆಗೆ ಹೋಗುವುದು ಸರಿ. ಆದರೆ ನೆಡುವ ಕೆಲಸ ತೊಡಗಿದ ಮೇಲೆ, ಹಕ್ಕಿ ತಪ್ಪಲಿಗಿಳಿದು ಬೆಟ್ಟ ಮೌನವಾಗಿ, ಪ್ರವಾಸಿಗರು ಕಡಿಮೆಯಾಗಿ, ದಿನವೂ ಮಳೆ ಸುರಿಯುವ ಸೆಪ್ಟೆಂಬರು ಅಕ್ಟೋಬರಿನಲ್ಲಿಯೂ ಸಸಿಗಳ ಸುತ್ತ ಹುಲ್ಲು ಬೆಳೆಯುತ್ತಲೇ ಇರುತ್ತದೆ.