ಟ್ಯಾಬ್ ಕೊಡಬೇಕೇ? ಕೊಡುವುದಾದರೆ ಯಾರಿಗೆ?



ನಮ್ಮ ಟ್ರಸ್ಟ್‌ನ ವಿದ್ಯಾರ್ಥಿವೇತನ ಅರ್ಜಿಯ ಕೊನೆಯಲ್ಲಿ "ಶುಲ್ಕವಲ್ಲದೆ ಬೇರೆ ಅಗತ್ಯವಿದ್ದರೆ ಬರೆಯಿರಿ" ಎಂಬ ಒಂದು ಅಂಕಣವಿದೆ. ಹಿಂದೆ ಅಲ್ಲಿ ಸಮವಸ್ತ್ರ, ಕನ್ನಡಕ, ಹಾಸ್ಟೆಲ್ ಠೇವಣಿ ಎಂದೆಲ್ಲ ಬರೆಯುತ್ತಿದ್ದರು. ಕೆಲವು ವರ್ಷಗಳಿಂದ ಅಲ್ಲಿ ಹೆಚ್ಚಾಗಿ ಕಾಣುವ ಪದ ಒಂದೇ: ಟ್ಯಾಬ್. ಎಂಟನೇ ತರಗತಿಯ ಮಗುವೂ ಅದನ್ನೇ ಬರೆಯುತ್ತದೆ, ಇಂಜಿನಿಯರಿಂಗ್ ಓದುವವನೂ ಅದನ್ನೇ ಬರೆಯುತ್ತಾನೆ. ದಾನಿಗಳಲ್ಲಿ ಕೆಲವರು "ಈ ಸಲ ಎಲ್ಲ ಮಕ್ಕಳಿಗೂ ಟ್ಯಾಬ್ ಕೊಡಿ, ಖರ್ಚು ನಮ್ಮದು" ಎನ್ನುತ್ತಾರೆ. ಇನ್ನು ಕೆಲವರು "ನಮ್ಮ ಹಣದಲ್ಲಿ ಮಕ್ಕಳು ಆಟ ಆಡುವುದು ಬೇಡ" ಎನ್ನುತ್ತಾರೆ. ಇಬ್ಬರಿಗೂ ಉತ್ತರ ಹೇಳುವ ಕೆಲಸವನ್ನು ಸಮಿತಿಯವರು ನನಗೆ ವಹಿಸಿದ್ದಾರೆ. ನಾನು ಕಂಪ್ಯೂಟರ್ ಕಲಿತವನಲ್ಲ, ಗಣಿತ ಕಲಿಸಿ ನಿವೃತ್ತನಾದವನು. ಆದರೆ ಈ ವಿಷಯದಲ್ಲಿ ಒಂದು ತಪ್ಪು ಮಾಡಿದ್ದೇನೆ, ಆದ್ದರಿಂದ ಸ್ವಲ್ಪ ಕಲಿತಿದ್ದೇನೆ.

2021ರಲ್ಲಿ, ಶಾಲೆಗಳು ಮುಚ್ಚಿದ್ದ ಆ ದಿನಗಳಲ್ಲಿ, ಮಕ್ಕಳಿಗೆ ಟ್ಯಾಬ್ ಕೊಡೋಣವೆಂದು ಸಭೆಯಲ್ಲಿ ಎಲ್ಲರಿಗಿಂತ ಹೆಚ್ಚು ಮಾತನಾಡಿದವನು ನಾನೇ. ಚಂದನ ವಾಹಿನಿಯಲ್ಲಿ ಸಂವೇದ ಪಾಠಗಳು ಬರುತ್ತಿದ್ದವು, ಖಾಸಗಿ ಶಾಲೆಗಳಲ್ಲಿ ಫೋನಿನಲ್ಲೇ ತರಗತಿ ನಡೆಯುತ್ತಿತ್ತು. ಸರಕಾರವೂ ಆ ವರ್ಷ ಸರಕಾರಿ ಪದವಿ ಕಾಲೇಜುಗಳ ವಿದ್ಯಾರ್ಥಿಗಳಿಗೆ ಟ್ಯಾಬ್ ಹಂಚಿತ್ತು. ನಾವೂ ಹತ್ತು ಟ್ಯಾಬ್ ಕೊಂಡೆವು. ಕಡಿಮೆ ಬೆಲೆಗೆ ಸಿಕ್ಕಿತೆಂದು ಸಿಮ್ ಹಾಕಲು ಜಾಗವಿಲ್ಲದ, ಬರೀ ವೈಫೈ ಇರುವ ಟ್ಯಾಬ್ ಆರಿಸಿದೆವು. ಫೋಟೋ ತೆಗೆಸಿಕೊಂಡೆವು.

ಮಾರನೆಯ ವರ್ಷ ನವೀಕರಣದ ಅರ್ಜಿಗಳಿಗಾಗಿ ಮನೆ ಮನೆಗೆ ಹೋದಾಗ ಒಂದು ಮನೆಯಲ್ಲಿ ಹುಡುಗಿಯ ಉಮ್ಮ ಬೀಡಿಯ ಮೊರವನ್ನು ಪಕ್ಕಕ್ಕಿಟ್ಟು ಒಳಗೆ ಹೋದರು. ಕಪಾಟಿನಿಂದ ಹಳೆಯ ದುಪಟ್ಟಾದಲ್ಲಿ ಸುತ್ತಿಟ್ಟ ಟ್ಯಾಬ್ ತಂದು ತೋರಿಸಿದರು. "ನೋಡಿ ಮಾಸ್ಟ್ರೇ, ಒಂದು ಗೀರೂ ಬಿದ್ದಿಲ್ಲ, ಹಾಗೇ ಇಟ್ಟಿದ್ದೇವೆ" ಎಂದರು. ನನ್ನನ್ನು ಸಂತೋಷಪಡಿಸಬೇಕೆಂದೇ ಹೇಳಿದ್ದು. ವಿಚಾರಿಸಿದಾಗ ತಿಳಿಯಿತು: ಆ ಮನೆಯಲ್ಲಿ ಇದ್ದದ್ದು ಒಂದೇ ಸ್ಮಾರ್ಟ್‌ಫೋನ್. ಅದು ಹುಡುಗಿಯ ಬಾಪನದು. ಅವರು ಬೆಳಗಿನ ಜಾವ ಮೀನಿನ ದಕ್ಕೆಗೆ ಹೋಗುವಾಗ ಫೋನೂ ಜೊತೆಗೆ ಹೋಗುತ್ತದೆ. ಫೋನು ಮನೆಯಲ್ಲಿಲ್ಲದಿದ್ದರೆ ಹಾಟ್‌ಸ್ಪಾಟ್ ಇಲ್ಲ, ಹಾಟ್‌ಸ್ಪಾಟ್ ಇಲ್ಲದಿದ್ದರೆ ನಾವು ಕೊಟ್ಟ ಟ್ಯಾಬ್‌ಗೆ ಇಂಟರ್ನೆಟ್ ಇಲ್ಲ. ರಾತ್ರಿ ಅವರು ಮರಳಿ ಬರುವಾಗ ದಿನದ ಡೇಟಾ ಮುಗಿದಿರುತ್ತಿತ್ತು. ಮಗುವಿನ ತಪ್ಪು ಎಳ್ಳಷ್ಟೂ ಇಲ್ಲ. ಅಂಗಡಿಯಲ್ಲಿ ಬೆಲೆ ಕೇಳಿದ ನಾವು ಮನೆಯಲ್ಲಿ ಒಂದು ಪ್ರಶ್ನೆ ಕೇಳಿರಲಿಲ್ಲ.

ಹಾಗಾದರೆ ಟ್ಯಾಬ್ ಎಂದರೆ ಏನು, ಅದು ಯಾವುದಕ್ಕೆ ಆಗುತ್ತದೆ ಎಂಬುದನ್ನು ಸ್ವಲ್ಪ ಹಿಂದಿನಿಂದ ನೋಡಬೇಕು. ಪುಸ್ತಕದಷ್ಟು ಗಾತ್ರದ ಕಂಪ್ಯೂಟರ್ ಎಂಬ ಕಲ್ಪನೆಯನ್ನು ಅಮೆರಿಕದ ಅಲನ್ ಕೇ 1972ರಲ್ಲೇ ಒಂದು ಲೇಖನದಲ್ಲಿ ವಿವರಿಸಿದ್ದರು. ಅದಕ್ಕೆ ಡೈನಾಬುಕ್ ಎಂದು ಹೆಸರಿಟ್ಟಿದ್ದರು. ಅದು ಮಕ್ಕಳನ್ನು ಮನಸ್ಸಿನಲ್ಲಿಟ್ಟು ಮಾಡಿದ ಕಲ್ಪನೆ. ಮಗು ಅದರಲ್ಲಿ ಬರೀ ನೋಡುತ್ತ ಕೂರಬಾರದು, ಬರೆಯಬೇಕು, ಚಿತ್ರ ಬಿಡಿಸಬೇಕು, ತಾನೇ ಪ್ರೋಗ್ರಾಮ್ ಮಾಡಬೇಕು ಎಂಬುದು ಅವರ ಆಸೆ. 2010ರ ಜನವರಿಯಲ್ಲಿ ಸ್ಟೀವ್ ಜಾಬ್ಸ್ ಐಪ್ಯಾಡ್ ತೋರಿಸಿದಾಗ ಮಾತು ಬೇರೆಯಾಗಿತ್ತು. ಫೋನಿಗೂ ಲ್ಯಾಪ್‌ಟಾಪ್‌ಗೂ ನಡುವೆ ಮೂರನೆಯ ಸಾಧನಕ್ಕೆ ಜಾಗ ಇರಬೇಕಾದರೆ ಅದು ಕೆಲವು ಕೆಲಸಗಳನ್ನು ಇವೆರಡಕ್ಕಿಂತ ಚೆನ್ನಾಗಿ ಮಾಡಬೇಕು ಎಂದರು. ಅವರು ಹೆಸರಿಸಿದ ಕೆಲಸಗಳು ಜಾಲತಾಣ ನೋಡುವುದು, ಮೇಲ್, ಫೋಟೋ, ವಿಡಿಯೋ, ಸಂಗೀತ, ಆಟ, ಪುಸ್ತಕ ಓದುವುದು. ಹೆಚ್ಚಿನವು ನೋಡುವ, ಓದುವ ಕೆಲಸಗಳೇ.

ಆಗ ಐಫೋನಿನ ಪರದೆ 3.5 ಇಂಚು. ಇಂದು ಸಾಮಾನ್ಯ ಫೋನಿನ ಪರದೆಯೇ 6.5 ಇಂಚಿನ ಹತ್ತಿರ ಇದೆ. ನಡುವಿನ ಆ ಜಾಗ ಅಷ್ಟರಮಟ್ಟಿಗೆ ಕಿರಿದಾಯಿತು. ಫೋನು ಇರುವವರು "ಟ್ಯಾಬ್ ಯಾಕೆ?" ಎಂದು ಕೇಳುವುದರಲ್ಲಿ ಅರ್ಥವಿದೆ.

ನಮ್ಮ ದೇಶದಲ್ಲಿಯೂ ಇದರ ಒಂದು ಪಾಠ ಆಗಿದೆ. 2011ರ ಅಕ್ಟೋಬರ್ 5ರಂದು ಆಗಿನ ಸಚಿವ ಕಪಿಲ್ ಸಿಬಲ್ ವಿದ್ಯಾರ್ಥಿಗಳಿಗಾಗಿ ಆಕಾಶ್ ಎಂಬ ಅಗ್ಗದ ಟ್ಯಾಬ್ ಬಿಡುಗಡೆ ಮಾಡಿದರು. ಸರಕಾರ ಅದನ್ನು ಕೊಂಡದ್ದು ಸುಮಾರು 2,250 ರೂಪಾಯಿಗೆ. ನಾವೆಲ್ಲ ಪತ್ರಿಕೆಯಲ್ಲಿ ಓದಿ ಹಿಗ್ಗಿದೆವು. ಆದರೆ ಅದರ ಪರದೆ ಮೆಲ್ಲಗೆ ಮುಟ್ಟಿದರೆ ಸಾಕಾಗದೆ ಒತ್ತಬೇಕಾದಂಥದ್ದು, ಮೆಮೊರಿ 256 ಎಂಬಿ, ಬ್ಯಾಟರಿ ಎರಡು ಮೂರು ಗಂಟೆಗೆ ಮುಗಿಯುವಂಥದ್ದು. ಮರುವರ್ಷ ಸುಧಾರಿಸಿದ ಆಕಾಶ್-2 ಬಂದರೂ ಆ ಯೋಜನೆ ಹೇಳಿದಷ್ಟು ದೂರ ಹೋಗಲಿಲ್ಲ. ಬೆಲೆಯನ್ನು ಮೊದಲು ನಿಶ್ಚಯಿಸಿ, ಆ ಬೆಲೆಗೆ ಏನು ಸಿಗುತ್ತದೋ ಅದನ್ನು ಮಕ್ಕಳ ಕೈಗೆ ಕೊಟ್ಟರೆ ಹೀಗಾಗುತ್ತದೆ. ಹತ್ತು ವರ್ಷಗಳ ಬಳಿಕ ನಾವೂ ಸಣ್ಣ ಮಟ್ಟದಲ್ಲಿ ಅದನ್ನೇ ಮಾಡಿದೆವು.

ಇನ್ನು ಉಪಯೋಗದ ಮಾತು. ಟ್ಯಾಬ್‌ನ ನಿಜವಾದ ಬಲ ಪುಟ. 6.5 ಇಂಚಿನ ಫೋನಿಗಿಂತ ಹತ್ತು ಇಂಚಿನ ಟ್ಯಾಬ್‌ನ ಪರದೆ ಸುಮಾರು ಮೂರು ಪಟ್ಟು ದೊಡ್ಡದು, ಅಗಲ ಸುಮಾರು ಎರಡು ಪಟ್ಟು. ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ನಮ್ಮ ಶಾಲಾ ಪುಸ್ತಕಗಳು ಪಿಡಿಎಫ್ ರೂಪದಲ್ಲಿ ಉಚಿತವಾಗಿ ಸಿಗುತ್ತವೆ, ಎನ್‌ಸಿಇಆರ್‌ಟಿ ಪುಸ್ತಕಗಳೂ ಹಾಗೆಯೇ. ಪಿಡಿಎಫ್ ಎಂದರೆ ಪುಟದ ಫೋಟೋ ಇದ್ದ ಹಾಗೆ. ಪರದೆ ಸಣ್ಣದಾದರೆ ಅಕ್ಷರಗಳು ತಾವಾಗಿ ಕೆಳಗಿನ ಸಾಲಿಗೆ ಇಳಿಯುವುದಿಲ್ಲ, ಇಡೀ ಪುಟವೇ ಕುಗ್ಗುತ್ತದೆ. ಫೋನಿನಲ್ಲಿ ಓದುವ ಮಗು ಬೆರಳಿನಿಂದ ಹಿಗ್ಗಿಸಿ, ಎಡಕ್ಕೆ ಬಲಕ್ಕೆ ಎಳೆದು, ಸಾಲಿನ ಕೊನೆಗೆ ಬರುವಾಗ ಆರಂಭ ಮರೆತಿರುತ್ತದೆ. ಒತ್ತಕ್ಷರಗಳಿರುವ ನಮ್ಮ ಲಿಪಿಗೆ ಇದು ಇನ್ನೂ ಕಷ್ಟ. ರೇಖಾಗಣಿತದಲ್ಲಿ ಚಿತ್ರ ಒಂದು ಕಡೆ, ಸಾಧನೆ ಇನ್ನೊಂದು ಕಡೆ ಇದ್ದರೆ ಎರಡನ್ನೂ ಒಟ್ಟಿಗೆ ನೋಡದೆ ಅರ್ಥವಾಗುವುದಿಲ್ಲ. ಟ್ಯಾಬ್‌ನಲ್ಲಿ ಇಡೀ ಪುಟ ಕಣ್ಣೆದುರಿಗಿರುತ್ತದೆ. ಒಮ್ಮೆ ಇಳಿಸಿಟ್ಟುಕೊಂಡರೆ ಇಂಟರ್ನೆಟ್ ಕೂಡ ಬೇಡ. ದೀಕ್ಷಾ ಆಪ್‌ನ ಪಾಠಗಳನ್ನೂ ಹೀಗೆ ಇಳಿಸಿಡಬಹುದು. ಇದನ್ನು ಆ ಹುಡುಗಿಗೆ ಯಾರಾದರೂ ತೋರಿಸಿಕೊಟ್ಟಿದ್ದರೆ, ಅಂದರೆ ನಾನು ತೋರಿಸಿಕೊಟ್ಟಿದ್ದರೆ, ಆ ಟ್ಯಾಬ್ ಕಪಾಟು ಸೇರುತ್ತಿರಲಿಲ್ಲ.

ಆದ್ದರಿಂದ ತುಂಬ ಓದಬೇಕಾದವರಿಗೆ ಇದು ಒಳ್ಳೆಯ ಸಾಧನ. ಕಾನೂನು ಓದುವವರಿಗೆ ತೀರ್ಪುಗಳೆಲ್ಲ ಪಿಡಿಎಫ್‌ನಲ್ಲೇ ಸಿಗುತ್ತವೆ. ನರ್ಸಿಂಗ್, ವೈದ್ಯಕೀಯ ಓದುವವರಿಗೆ ದೊಡ್ಡ ದೊಡ್ಡ ಪುಸ್ತಕಗಳ ಚಿತ್ರಗಳನ್ನು ಹಿಗ್ಗಿಸಿ ನೋಡಬೇಕಾಗುತ್ತದೆ. ದೃಷ್ಟಿ ಕಡಿಮೆ ಇರುವ ಮಕ್ಕಳಿಗಂತೂ ಇದು ಅನುಕೂಲವೆನ್ನುವುದಕ್ಕಿಂತ ಅವಶ್ಯಕವೇ ಸರಿ. ಅಕ್ಷರ ಎಷ್ಟು ಬೇಕೋ ಅಷ್ಟು ದೊಡ್ಡದು ಮಾಡಬಹುದು, ಆಂಡ್ರಾಯ್ಡ್‌ನಲ್ಲಿರುವ ಟಾಕ್‌ಬ್ಯಾಕ್ ಪರದೆಯ ಮೇಲಿರುವುದನ್ನು ಓದಿ ಹೇಳುತ್ತದೆ, 2016ರಲ್ಲಿ ಆರಂಭವಾದ ಸುಗಮ್ಯ ಪುಸ್ತಕಾಲಯದಲ್ಲಿ ಅವರಿಗಾಗಿಯೇ ಸಿದ್ಧಪಡಿಸಿದ ಪುಸ್ತಕಗಳಿವೆ. ಇಂಥ ಅರ್ಜಿ ಬಂದರೆ ಸಮಿತಿಯಲ್ಲಿ ಚರ್ಚೆಯೇ ಆಗಬಾರದು ಎಂಬುದು ನನ್ನ ಅಭಿಪ್ರಾಯ.

ಆದರೆ ಬಿ.ಕಾಂ. ಹುಡುಗ ಟ್ಯಾಬ್ ಕೇಳಿದರೆ ನಾನು ಬೇಡವೆನ್ನುತ್ತೇನೆ. ಅವನು ಕಲಿಯಬೇಕಾದ ಟ್ಯಾಲಿ ವಿಂಡೋಸ್ ಕಂಪ್ಯೂಟರ್‌ಗಾಗಿ ಮಾಡಿದ್ದು. ಡಿಪ್ಲೊಮಾದವರು ನಕ್ಷೆ ಬಿಡಿಸಲು, ಬಿಸಿಎಯವರು ಪ್ರೋಗ್ರಾಮ್ ಬರೆಯಲು, ಯಾರೇ ಆದರೂ ಇಪ್ಪತ್ತು ಪುಟದ ಪ್ರಾಜೆಕ್ಟ್ ವರದಿ ಟೈಪ್ ಮಾಡಲು ಗಾಜಿನ ಮೇಲೆ ಬೆರಳು ಕುಟ್ಟಿದರೆ ಆಗುವುದಿಲ್ಲ, ಕೀಲಿಮಣೆ ಬೇಕು. ಟ್ಯಾಬ್‌ಗೆ ಕೀಲಿಮಣೆ, ಕವರ್, ಪೆನ್ನು ಎಂದು ಒಂದೊಂದೇ ಸೇರಿಸುತ್ತ ಹೋದರೆ ಹಳೆಯದಾದರೂ ಸರಿಯಾಗಿರುವ ಒಂದು ಲ್ಯಾಪ್‌ಟಾಪ್‌ನ ಬೆಲೆಗೆ ಬಂದು ನಿಲ್ಲುತ್ತದೆ. ಅವರಿಗೆ ಅದನ್ನೇ ಕೊಡುವುದು ಮೇಲು.

ಪಿಯುಸಿ ಮಕ್ಕಳ ವಿಷಯದಲ್ಲಿ ನನಗೆ ಇನ್ನೊಂದು ಚಿಂತೆ ಇದೆ. ಎಸ್ಸೆಸ್ಸೆಲ್ಸಿ, ಪಿಯುಸಿ ಪರೀಕ್ಷೆ ಪೆನ್ನು ಕಾಗದದ್ದು. ಸಿಇಟಿಯಲ್ಲಿ ಗುರುತು ಹಾಕುವುದು ಒಎಂಆರ್ ಹಾಳೆಯಲ್ಲಿ. 2025ರ ನೀಟ್ ಕೂಡ ಹಾಗೆಯೇ ನಡೆಯಿತು. ವಿಡಿಯೋದಲ್ಲಿ ಲೆಕ್ಕ ಬಿಡಿಸುವುದನ್ನು ನೋಡಿದಾಗ ತನಗೂ ಬಂತು ಎಂದು ಮಗುವಿಗೆ ಅನಿಸುತ್ತದೆ. ಹಾಳೆ ಮುಂದಿಟ್ಟಾಗ ಎರಡನೆಯ ಹೆಜ್ಜೆಗೇ ನಿಲ್ಲುತ್ತದೆ. ಮೂವತ್ತು ವರ್ಷ ಇದನ್ನೇ ನೋಡಿದ್ದೇನೆ, ಆಗ ವಿಡಿಯೋದ ಜಾಗದಲ್ಲಿ ಗೈಡ್ ಇತ್ತು ಅಷ್ಟೇ. ಒಂದು ಸಾಧಾರಣ ಟ್ಯಾಬ್‌ನ ಬೆಲೆಗೆ ಎಷ್ಟು ಪ್ರಶ್ನೆಪತ್ರಿಕೆ, ಎಷ್ಟು ನೋಟ್‌ಬುಕ್ ಬರುತ್ತದೆ ಎಂಬ ಲೆಕ್ಕವನ್ನು ಪೋಷಕರು ಒಮ್ಮೆ ಹಾಕಿ ನೋಡಲಿ.

ಇದರ ಜೊತೆಗೆ ಒಂದು ಎಚ್ಚರಿಕೆ. ಪಾಠಗಳನ್ನು ತುಂಬಿಸಿದ ಟ್ಯಾಬ್ ಎಂದು ಹೇಳಿ ಕಂತಿನ ಮೇಲೆ ಮಾರುವವರು ಮನೆ ಬಾಗಿಲಿಗೆ ಬರುತ್ತಾರೆ. ನನಗೆ ಪರಿಚಯದ ಒಂದು ಕುಟುಂಬ ಹೀಗೆ ಸಹಿ ಹಾಕಿ, ಓದಿ ನೋಡದ ಕಾಗದದಲ್ಲಿ ಸಾಲಗಾರರಾದರು. ಬಡ್ಡಿಯೂ ಬಂತು. ಎರಡು ವರ್ಷದ ಅವಧಿ ಮುಗಿದೊಡನೆ ಪಾಠಗಳು ಬೀಗ ಹಾಕಿಕೊಂಡವು, ಕಂತು ಮಾತ್ರ ತೆರೆದೇ ಇತ್ತು. ಅಂಥ ಕಾಗದಕ್ಕೆ ಸಹಿ ಹಾಕುವ ಮೊದಲು ಟ್ರಸ್ಟ್‌ನ ಕಚೇರಿಗೆ ತಂದು ತೋರಿಸಿ, ಓದಿ ಹೇಳುವ ಜನ ಇಲ್ಲಿದ್ದಾರೆ.

ವಿದ್ಯಾರ್ಥಿಗಳ ಮಾತು ಬಿಟ್ಟು ಮನೆಯ ಉಳಿದವರನ್ನು ನೋಡಿದರೆ ನನಗೆ ಆಶ್ಚರ್ಯವಾದ ಸಂಗತಿ ಒಂದಿದೆ. ನಮ್ಮ ಊರಿನಲ್ಲಿ ಟ್ಯಾಬ್ ಅನ್ನು ಅತ್ಯಂತ ಚೆನ್ನಾಗಿ ಬಳಸುವವರು ವಯಸ್ಸಾದ ಹೆಂಗಸರು. ಗಲ್ಫ್‌ನಲ್ಲಿರುವ ಮಗ ಬರುವಾಗ ಒಂದು ತಂದಿರುತ್ತಾನೆ. ವಾರಕ್ಕೊಮ್ಮೆ ಮಗನ ಮುಖ, ಮೊಮ್ಮಗಳ ಮುಖ ಅದರಲ್ಲಿ ದೊಡ್ಡದಾಗಿ ಕಾಣುತ್ತದೆ. (ದುಬೈಯಿಂದ ವಾಟ್ಸ್‌ಆಪ್ ಕರೆ ಬರುವುದಿಲ್ಲ, ಬೋಟಿಮ್ ಹಾಕಿಸಬೇಕು ಎಂಬುದು ಅವರಿಗೆ ನನಗಿಂತ ಮೊದಲೇ ಗೊತ್ತು.) ಸುಬುಹ್ ನಮಾಝ್ ಆದ ಮೇಲೆ ಅದರಲ್ಲೇ ಕುರ್‌ಆನ್ ಪಾರಾಯಣ. ಪುಟವನ್ನು ಹಿಗ್ಗಿಸಿದರೆ ಜಬರ್, ಜೇರ್ ಸ್ಪಷ್ಟವಾಗಿ ಕಾಣುತ್ತದೆ. ಕಣ್ಣು ಮಂಜಾದ ಮೇಲೆ ಪಾರಾಯಣ ಬಿಟ್ಟಿದ್ದ ನನ್ನ ಅಕ್ಕ ಈಗ ದಿನವೂ ಓದುತ್ತಾರೆ. ಟ್ಯಾಬ್‌ನಿಂದ ಏನು ಪ್ರಯೋಜನ ಎಂದು ಅವರ ಎದುರು ಕೇಳುವ ಧೈರ್ಯ ನನಗಿಲ್ಲ.

ಇನ್ನು ಹಣದ ಮೂಲದ ವಿಷಯ. ದಾನಿಗಳು ಇದನ್ನು ಗಮನಿಸಬೇಕು. ಝಕಾತ್‌ನ ಹಣದಿಂದ ಕೊಂಡ ವಸ್ತು ಅರ್ಹ ಫಲಾನುಭವಿಯ ಸ್ವಂತದ್ದಾಗಬೇಕು ಎಂದು ಉಲಮಾಗಳು ಹೇಳುತ್ತಾರೆ. ಅಂದರೆ ಝಕಾತ್‌ನ ಹಣದಲ್ಲಿ ಟ್ಯಾಬ್ ಕೊಂಡು ಮಗುವಿಗೆ ಎರಡು ವರ್ಷ ಬಳಸಲು ಕೊಟ್ಟು ಹಿಂದೆ ಪಡೆಯುವ ಹಾಗಿಲ್ಲ. ಆದರೆ ಟ್ಯಾಬ್‌ನಂಥ ವಸ್ತುವಿಗೆ ಎರವಲು ಪದ್ಧತಿಯೇ ಸರಿಯಾದದ್ದು, ಏಕೆಂದರೆ ಕೋರ್ಸ್ ಮುಗಿದ ಮೇಲೆ ಅದು ಇನ್ನೊಬ್ಬರಿಗೆ ಬೇಕಾಗುತ್ತದೆ. ಹಾಗಾಗಿ ಈ ವರ್ಷದಿಂದ ಟ್ಯಾಬ್ ಮತ್ತು ಲ್ಯಾಪ್‌ಟಾಪ್‌ಗಳನ್ನು ಸದಕಾ ಹಾಗೂ ಸಾಮಾನ್ಯ ದೇಣಿಗೆಯಿಂದ ಮಾತ್ರ ಕೊಂಡು, ಗ್ರಂಥಾಲಯದ ಪುಸ್ತಕದಂತೆ ಎರವಲು ಕೊಡುವುದೆಂದು ಸಮಿತಿ ತೀರ್ಮಾನಿಸಿದೆ. ಝಕಾತ್‌ನ ಹಣ ಹಿಂದಿನಂತೆ ಶುಲ್ಕ ಮತ್ತು ಹಾಸ್ಟೆಲ್ ಖರ್ಚಿಗಾಗಿ ಮಕ್ಕಳ ಕೈ ಸೇರುತ್ತದೆ.

ಹಳೆಯ ಟ್ಯಾಬ್ ದಾನ ಮಾಡಬಯಸುವವರಿಗೆ ಒಂದು ಮಾತು. ನಾಲ್ಕೈದು ನೂರು ಬಾರಿ ಪೂರ್ತಿ ಚಾರ್ಜ್ ಆದ ಬ್ಯಾಟರಿಯ ಶಕ್ತಿ ಇಳಿಯತೊಡಗುತ್ತದೆ, ತಯಾರಕರು ಅಪ್‌ಡೇಟ್ ನಿಲ್ಲಿಸಿದ ಮೇಲೆ ಒಂದೊಂದೇ ಆಪ್ ಕೆಲಸ ನಿಲ್ಲಿಸುತ್ತದೆ. ನಿಮ್ಮ ಮಗು ಬಳಸಲಾರದ್ದನ್ನು ಇನ್ನೊಬ್ಬರ ಮಗುವಿಗೆ ಕಳಿಸಬೇಡಿ.

ಈ ವರದಿಯೊಂದಿಗೆ ಲಗತ್ತಿಸಿರುವ ಅರ್ಜಿ ನಮೂನೆಯಲ್ಲಿ ಆ ಕೊನೆಯ ಅಂಕಣವನ್ನು ಬದಲಾಯಿಸಿದ್ದೇವೆ. ಮನೆಯಲ್ಲಿ ಎಷ್ಟು ಸ್ಮಾರ್ಟ್‌ಫೋನ್ ಇವೆ, ಹಗಲಿನಲ್ಲಿ ಅವು ಯಾರ ಬಳಿ ಇರುತ್ತವೆ, ತಿಂಗಳ ರೀಚಾರ್ಜ್ ಯಾರು ಮಾಡುತ್ತಾರೆ, ಟ್ಯಾಬ್ ಸಿಕ್ಕಿದರೆ ಯಾವ ಪುಸ್ತಕ ಅಥವಾ ಯಾವ ಪಾಠಕ್ಕೆ ಬಳಸುತ್ತೀರಿ ಎಂದು ಕೇಳಿದ್ದೇವೆ. ಕೊನೆಯ ಪ್ರಶ್ನೆಗೆ "ಓದಲು" ಎಂದಷ್ಟೇ ಬರೆಯಬೇಡಿ, ಪುಸ್ತಕದ ಹೆಸರು ಬರೆಯಿರಿ. ಈ ಅಂಕಣವನ್ನು ಪೋಷಕರಲ್ಲ, ವಿದ್ಯಾರ್ಥಿಯೇ ತನ್ನ ಕೈಬರಹದಲ್ಲಿ ತುಂಬಬೇಕು. ಆಯ್ಕೆಯಾದವರು ಟ್ಯಾಬ್ ಪಡೆಯಲು ಬರುವಾಗ ಮನೆಯವರೊಬ್ಬರನ್ನು ಕರೆತನ್ನಿ. ಪುಸ್ತಕಗಳನ್ನು ಇಳಿಸಿಡುವುದನ್ನು ಇಬ್ಬರಿಗೂ ಕಚೇರಿಯಲ್ಲೇ ಕೂರಿಸಿ ತೋರಿಸಿಕೊಡುತ್ತೇವೆ, ಅದಕ್ಕೆ ಎರಡು ಗಂಟೆ ಹಿಡಿಯುತ್ತದೆ. ದುಪಟ್ಟಾದಲ್ಲಿ ಸುತ್ತಿಟ್ಟಿದ್ದ ಆ ಟ್ಯಾಬ್ ಇನ್ನೂ ಚೆನ್ನಾಗಿ ಓಡುತ್ತಿದೆ. ಅದರಲ್ಲಿ ಒಂಬತ್ತನೇ ತರಗತಿಯ ಎಲ್ಲ ಪುಸ್ತಕಗಳನ್ನೂ ಇಳಿಸಿಕೊಟ್ಟಿದ್ದೇನೆ. ಈಗ ಆ ಹುಡುಗಿಯ ತಮ್ಮ ಬಳಸುತ್ತಿದ್ದಾನೆ.