ಕೂಸಿನ ಕುಲಾವಿ: ಕ್ರೋಶಾ ಸೂಜಿಯಿಂದ ಹೆಣೆಯುವ ಬಗೆ

ಶಾಲೆಯನ್ನು ಬಿಟ್ಟು ಸಂಸಾರಸ್ಥರಾದ ನಮ್ಮ ಹಳೆಯ ವಿದ್ಯಾರ್ಥಿನಿಯರು ಮರಳಿ ನಮ್ಮನ್ನು ಕಾಣಲು ಬಂದಾಗ ವ್ಯಾಕರಣವನ್ನಾಗಲಿ ಬೀಜಗಣಿತವನ್ನಾಗಲಿ ಕೇಳುವುದು ಅಪರೂಪ. ಕೂಸಿನ ಕುಲಾವಿಯ ಲೆಕ್ಕವನ್ನು ಮಾತ್ರ ತಪ್ಪದೆ ಕೇಳುತ್ತಾರೆ. “ಅಕ್ಕಾವರ, ಅಂಚು ಚೆಂದ ಬರತದ, ಆದರ ಕೂಸಿನ ತಲೀಗೆ ಸರಿಯಾಗಿ ಕೂಡೂದಿಲ್ಲ” ಎಂಬುದೇ ಬಹುಜನರ ದೂರು. ಅಂಚಿಗೆ ಕೊಟ್ಟ ಲಕ್ಷ್ಯವನ್ನು ಅಳತೆಗೆ ಕೊಡದಿರುವುದೇ ಇದಕ್ಕೆ ಕಾರಣವೆಂದು ನಮ್ಮ ಎಣಿಕೆ. ಆದುದರಿಂದ ಈ ಸ್ಮರಣ ಸಂಚಿಕೆಯಲ್ಲಿ ಆ ವಿಷಯವನ್ನು ತುಸು ವಿವರವಾಗಿ ಬರೆಯಲು ಮನಸ್ಸು ಮಾಡಿದ್ದೇವೆ.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಬಿಸಿಲಿನ ಕೀರ್ತಿಯನ್ನು ಕೇಳಿದ ಪರಸ್ಥಳದವರು, ಇಲ್ಲಿಯ ಕೂಸುಗಳಿಗೆ ಉಣ್ಣೆಯ ಕುಲಾವಿ ಏತಕ್ಕೆಂದು ನಕ್ಕಾರು. ಅಂಥವರು ಪುಷ್ಯಮಾಸದಲ್ಲಿ ಭೀಮಾತೀರದ ಒಂದು ಹಳ್ಳಿಯಲ್ಲಿ ಒಂದು ರಾತ್ರಿ ಇದ್ದು ನೋಡತಕ್ಕದ್ದು. ಬಯಲುಸೀಮೆಯ ನೆಲವು ಹಗಲಿನಲ್ಲಿ ಎಷ್ಟು ಬೇಗ ಕಾಯುವುದೋ ಮೋಡವಿಲ್ಲದ ರಾತ್ರಿಯಲ್ಲಿ ಅಷ್ಟೇ ಬೇಗ ಆರುವುದು; ಡಿಸೆಂಬರ, ಜನವರಿಗಳ ಬೆಳಗಿನ ಜಾವದಲ್ಲಿ ಉಷ್ಣಮಾನವು ೧೫ ಡಿಗ್ರಿಗಿಂತ ಕೆಳಗೆ ಇಳಿಯುವುದುಂಟು. ಕ್ರಿಸ್ತ ಜಯಂತಿಯ ನಸುಕಿನ ಆರಾಧನೆ, ಎಳ್ಳಮಾವಾಸ್ಯೆಗೆ ಚರಗ ಚೆಲ್ಲಲು ಬಂಡಿ ಕಟ್ಟಿಕೊಂಡು ಹೊಲಕ್ಕೆ ಹೋಗುವ ಸಂಭ್ರಮ, ಬಿಳಿಜೋಳದ ಸುಗ್ಗಿ, ಇವೆಲ್ಲ ಬರುವುದು ಚಳಿಗಾಲದಲ್ಲಿಯೇ. ಕಂಕುಳಲ್ಲಿ ಕೂಸಂತೂ ಇದ್ದೇ ಇರುತ್ತದೆ.

ಹುಟ್ಟಿದ ಕೂಸಿನ ಮೈಯುದ್ದದ ನಾಲ್ಕನೆಯ ಒಂದು ಭಾಗವು ಬರಿಯ ತಲೆಯೇ. ಬೆಳೆದವರಲ್ಲಿ ಅದು ಏಳೆಂಟನೆಯ ಒಂದು ಭಾಗ. ತಲೆಯು ಬರಿದಾಗಿದ್ದರೆ ಮೈಯ ಕಾವು ಆ ದಾರಿಯಿಂದಲೇ ಹೋಗುತ್ತದೆ. ಎರಡೂವರೆ ಕಿಲೋಗ್ರಾಮಿಗಿಂತ ಕಡಿಮೆ ತೂಕದ ಕೂಸಿಗೆ ಈ ನಷ್ಟವು ಪ್ರಾಣಕ್ಕೇ ಮುಳುವಾಗಬಲ್ಲುದು. ೧೯೭೮ರಲ್ಲಿ ದಕ್ಷಿಣ ಅಮೆರಿಕದ ಬೊಗೋಟಾ ಪಟ್ಟಣದಲ್ಲಿ ಆರಂಭವಾಗಿ ಈಗ ನಮ್ಮ ಆಸ್ಪತ್ರೆಗಳಲ್ಲಿಯೂ ರೂಢಿಯಾಗಿರುವ ‘ಕಾಂಗರೂ’ ಆರೈಕೆಯಲ್ಲಿ ತಾಯಿಯು ಬೇನೆಯ ಕೂಸನ್ನಲ್ಲ, ಬಡವಾದ ಕೂಸನ್ನು ತನ್ನ ಎದೆಗೆ ಬರಿಮೈಯಾಗಿ ಅವಚಿಕೊಳ್ಳುತ್ತಾಳೆ. ಆಗಲೂ ಅದರ ತಲೆಯ ಮೇಲೆ ಟೊಪ್ಪಿಗೆಯನ್ನು ಹಾಕಿಯೇ ಇರುತ್ತಾರೆ. ನಮ್ಮ ಅಜ್ಜಿಯರು ಇದನ್ನು ಪುಸ್ತಕವಿಲ್ಲದೆ ಬಲ್ಲವರಾಗಿದ್ದರು. ತೊಟ್ಟಿಲ ಕಾರ್ಯಕ್ಕೆ ಅಂಗಿ-ಕುಲಾವಿ ತರದ ಬೀಗರುಂಟೆ? ಗುಳೇದಗುಡ್ಡದ ಖಣದಿಂದ ಹೊಲಿದ ಕುಲಾವಿ, ಬೆನ್ನಿನ ತನಕ ಇಳಿಬೀಳುವ ಕುಂಚಿಗೆ, ಇವು ನಮ್ಮ ನಾಡಿನ ನಿಜವಾದ ಸೊಬಗು. ಕ್ರೋಶಾ ಕುಲಾವಿಯು ಅವನ್ನು ಓಡಿಸಲು ಬಂದುದಲ್ಲ. ಹೊಲಿಗೆಯ ಜೋಡಿಲ್ಲದೆ ನೆತ್ತಿಯಿಂದ ಅಂಚಿನವರೆಗೆ ಒಂದೇ ದಾರದಲ್ಲಿ ಇಳಿದುಬರುವುದರಿಂದ ಕೂಸಿನ ಎಳೆಯ ತಲೆಗೆ ಒತ್ತುವುದಿಲ್ಲ, ಹಿಗ್ಗುತ್ತದೆ. ಅದರ ಗುಣ ಇಷ್ಟೇ.

‘ಕ್ರೋಶೆ’ ಎಂದರೆ ಫ್ರೆಂಚ ಭಾಷೆಯಲ್ಲಿ ಸಣ್ಣ ಕೊಕ್ಕೆ. ೧೮೪೫ರಿಂದ ಐರ್ಲಂಡದಲ್ಲಿ ಬಟಾಟೆಯ ಬೆಳೆ ಕೆಟ್ಟು ಘೋರ ಕ್ಷಾಮ ಬಿದ್ದಾಗ ಅಲ್ಲಿಯ ಹೆಣ್ಣುಮಕ್ಕಳು ಈ ಕೊಕ್ಕೆಯಿಂದ ಜಾಳಿಗೆ ಹೆಣೆದು ಮಾರಿ ಮನೆಮಂದಿಯ ಹೊಟ್ಟೆ ಹೊರೆದರು. ಆಂಧ್ರದ ನರಸಾಪುರದಲ್ಲಿ ೧೯ನೆಯ ಶತಮಾನದಲ್ಲಿ ಮಿಷನರಿಗಳು ಕಲಿಸಿದ ಈ ಕೈಗೆಲಸವು ಇಂದಿಗೂ ನಡೆದಿದೆ. ಬರವನ್ನು ಬಲ್ಲ ನಮ್ಮ ಜಿಲ್ಲೆಯವರು ಇದನ್ನು ಕೇವಲ ಹೊತ್ತು ಕಳೆಯುವ ಕೆಲಸವೆಂದು ಹಗುರಾಗಿ ಕಾಣಲಾರರು.

ಮೊದಲು ದಾರದ ವಿಚಾರ. ನಮ್ಮ ಕುರಿಗಳ ಉಣ್ಣೆ ಕಂಬಳಿಗೆ ಉತ್ತಮ, ಕೂಸಿನ ಹಣೆಗೆ ಒರಟು. ಪೇಟೆಯಲ್ಲಿ ‘ಉಲ್ಲನ್’ ಎಂದು ಮಾರುವ ದಾರದಲ್ಲಿ ಹೆಚ್ಚಿನದು ಉಣ್ಣೆಯಲ್ಲ, ಅಕ್ರಿಲಿಕ್. ಒಂದು ಎಳೆಯನ್ನು ಹಿಡಿದು ಸುಟ್ಟು ನೋಡಿರಿ: ಕೂದಲು ಸುಟ್ಟ ವಾಸನೆ ಬಂದು ಬೂದಿಯಾಗಿ ಉದುರಿದರೆ ಉಣ್ಣೆ, ಕರಗಿ ಗಟ್ಟಿಯಾದ ಕರಿಯ ಗುಂಡಾದರೆ ಅಕ್ರಿಲಿಕ್. ಬಾಣಂತಿಯ ಕೋಣೆಯಲ್ಲಿ ಕೆಂಡದ ಅಗ್ಗಿಷ್ಟಿಕೆ ಇಡುವ ಮನೆಗಳಲ್ಲಿ ಈ ಭೇದವು ಸಣ್ಣದಲ್ಲ, ಏಕೆಂದರೆ ಕರಗಿದ ದಾರವು ಚರ್ಮಕ್ಕೆ ಅಂಟಿಕೊಳ್ಳುತ್ತದೆ. ಮೃದುವಾದ ಉಣ್ಣೆ ಸಿಗದಿದ್ದರೆ ದಪ್ಪ ಹತ್ತಿಯ ದಾರವಾದರೂ ಆದೀತು. ಮಧ್ಯಮ ದಪ್ಪದ ೫೦ ಗ್ರಾಮಿನ ಒಂದು ಉಂಡೆ, ೩.೫ ಮಿಲಿಮೀಟರಿನ ಸೂಜಿ, ಇಷ್ಟು ಸಾಕು.

ಇನ್ನು ಅಳತೆ. “ಆರು ತಿಂಗಳ ಕೂಸಿಗೆ” ಎಂದು ವಯಸ್ಸನ್ನು ಹಿಡಿದು ಹೆಣೆಯಬೇಡಿರಿ. ಹುಬ್ಬಿನ ಮೇಲಿಂದ ತಲೆಯ ಹಿಂಭಾಗದ ಉಬ್ಬಿನವರೆಗೆ ಟೇಪನ್ನು ಸುತ್ತಿ ಅಳೆಯಿರಿ. ಹುಟ್ಟಿದಾಗ ಸುಮಾರು ೩೪ ಸೆಂಟಿಮೀಟರ ಇರುವ ಸುತ್ತಳತೆಯು ಮೂರು ತಿಂಗಳಿಗೆ ೪೦, ಆರಕ್ಕೆ ೪೩, ವರ್ಷಕ್ಕೆ ೪೫-೪೬ ಆಗುವುದು ಸಾಮಾನ್ಯ. ಆದರೆ ಪ್ರತಿಯೊಂದು ಕೂಸಿನ ತಲೆಯೂ ಬೇರೆ. ಹೆಣಿಗೆಯು ಹಿಗ್ಗುವುದರಿಂದ ಕುಲಾವಿಯ ಸುತ್ತು ತಲೆಗಿಂತ ಎರಡು-ಮೂರು ಸೆಂಟಿಮೀಟರ ಕಡಿಮೆ ಇರಬೇಕು. ಬಳಿಕ ಒಂದು ತುಣುಕನ್ನು ಹೆಣೆದು ಹತ್ತು ಸೆಂಟಿಮೀಟರಿನಲ್ಲಿ ಎಷ್ಟು ಕಂಬ ಬಂದವೆಂದು ಎಣಿಸಿರಿ. ನಮ್ಮ ಲೆಕ್ಕಕ್ಕೆ ೧೮ ಬರಬೇಕು. ಆಗ ೭೨ ಕಂಬಗಳ ಸುತ್ತು ೪೦ ಸೆಂಟಿಮೀಟರ. ನಿಮ್ಮ ಕೈ ಸಡಿಲಾಗಿ ೧೬ ಮಾತ್ರ ಬಂದರೆ ಅದೇ ೭೨ ಕಂಬ ೪೫ ಆಗಿ, ಕುಲಾವಿಯು ಜಾರಿ ಕೂಸಿನ ಕಣ್ಣು ಮೂಗುಗಳನ್ನು ಮುಚ್ಚೀತು. ಹಾಗಿದ್ದರೆ ಒಂದು ಅಂಕಿ ಸಣ್ಣ ಸೂಜಿಯನ್ನು ಹಿಡಿಯಿರಿ. ತ್ರೈರಾಶಿಕವನ್ನು ಶಾಲೆಯಲ್ಲಿ ಏಕೆ ಕಲಿಸುತ್ತಾರೆಂದು ಕೇಳುತ್ತಿದ್ದವರಿಗೆ ಇದೇ ಉತ್ತರ!

ಕಂಬವೆಂದರೆ ದಾರವನ್ನು ಒಮ್ಮೆ ಸೂಜಿಗೆ ಸುತ್ತಿ, ಚುಚ್ಚಿ, ಎಳೆದು, ಎರಡೆರಡು ಕುಣಿಕೆಗಳಂತೆ ಎರಡು ಸಲ ಬಿಡಿಸುವುದು. ಸುತ್ತದೆ ಚುಚ್ಚಿ, ಎಳೆದು, ಎರಡನ್ನೂ ಒಮ್ಮೆಗೆ ಬಿಡಿಸಿದರೆ ಗಿಡ್ಡ ಕಂಬ. (ಬ್ರಿಟಿಷ್ ಪುಸ್ತಕಗಳ ‘ಟ್ರೆಬಲ್’ ಎಂಬುದೇ ಅಮೆರಿಕದ ಪುಸ್ತಕಗಳಲ್ಲಿ ‘ಡಬಲ್ ಕ್ರೋಶೆ’, ಇದನ್ನರಿಯದೆ ಕೆಟ್ಟ ಕುಲಾವಿಗಳು ಅನೇಕ.) ನಾಲ್ಕು ಸರಪಳಿ ಹಾಕಿ ಉಂಗುರವಾಗಿ ಜೋಡಿಸಿರಿ. ಪ್ರತಿ ಸುತ್ತಿನ ಆರಂಭದ ಮೂರು ಸರಪಳಿಗಳನ್ನು ಒಂದು ಕಂಬವೆಂದು ಎಣಿಸಿ, ಸುತ್ತಿನ ಕೊನೆಯಲ್ಲಿ ಅದರ ತಲೆಗೆ ಜೋಡಿಸಬೇಕು. ಮೊದಲನೆಯ ಸುತ್ತಿನಲ್ಲಿ ಉಂಗುರದೊಳಗೆ ೧೨ ಕಂಬ. ಎರಡನೆಯದರಲ್ಲಿ ಪ್ರತಿ ಕಂಬದ ಮೇಲೆ ಎರಡೆರಡು, ಒಟ್ಟು ೨೪. ಮೂರನೆಯದರಲ್ಲಿ ಒಂದರ ಮೇಲೆ ಒಂದು, ಮುಂದಿನದರ ಮೇಲೆ ಎರಡು, ಹೀಗೆ ೩೬. ಇದೇ ಕ್ರಮದಲ್ಲಿ ಹೆಚ್ಚಿಸುವ ಕಂಬಗಳ ನಡುವಿನ ಅಂತರವನ್ನು ಒಂದೊಂದಾಗಿ ಬೆಳೆಸುತ್ತ ಹೋದರೆ ನಾಲ್ಕನೆಯ ಸುತ್ತಿಗೆ ೪೮, ಐದನೆಯದಕ್ಕೆ ೬೦, ಆರನೆಯದಕ್ಕೆ ೭೨ ಆಗುವುವು. ಅದನ್ನು ಮಣೆಯ ಮೇಲೆ ಹಾಸಿ ನೋಡಿರಿ: ರೊಟ್ಟಿಯಂತೆ ಸಮನಾಗಿ ಕೂಡಬೇಕು. ಅಂಚು ಅಲೆಯಾದರೆ ಕಂಬಗಳು ಹೆಚ್ಚಾಗಿವೆ. ಬಟ್ಟಲಿನಂತೆ ಮಡಚಿದರೆ ಎಲ್ಲಿಯೋ ಹೆಚ್ಚಿಸುವುದನ್ನು ಬಿಟ್ಟಿದ್ದೀರಿ. ಮುಂದೆ ಹೆಚ್ಚಿಸದೆ ಎಂಟು ಸುತ್ತು ಇಳಿಸಿದರೆ ನೆತ್ತಿಯಿಂದ ಅಂಚಿಗೆ ಸುಮಾರು ೧೫ ಸೆಂಟಿಮೀಟರ ಆಗಿ ಕಿವಿಗಳು ಮುಚ್ಚುವುವು. ಹಸುಗೂಸಿಗಾದರೆ ೬೦ಕ್ಕೆ ನಿಲ್ಲಿಸಿ ಏಳು ಸುತ್ತು ಸಾಕು.

ಅಂಚಿಗೆ ಮೊದಲು ಎರಡು ಸುತ್ತು ಗಿಡ್ಡ ಕಂಬ ಹಾಕಿರಿ, ಬಿಗಿಯುಳಿಯುವುದು. ಅನಂತರ ಶಂಖದ ಅಂಚು: ಎರಡು ಕಣ್ಣು ಬಿಟ್ಟು ಮೂರನೆಯದರಲ್ಲಿ ಐದು ಕಂಬ, ಮತ್ತೆರಡು ಬಿಟ್ಟು ಮುಂದಿನದರಲ್ಲಿ ಒಂದು ಗಿಡ್ಡ ಕಂಬ. ಆರಾರು ಕಣ್ಣಿಗೆ ಒಂದು ಶಂಖದಂತೆ ೭೨ಕ್ಕೆ ೧೨ ಶಂಖ, ೬೦ಕ್ಕೆ ೧೦. ದೀಕ್ಷಾಸ್ನಾನಕ್ಕಾದರೆ ಬಿಳಿದು ಒಪ್ಪುತ್ತದೆ; ತೊಟ್ಟಿಲಿಗೆ ಶಂಖಗಳನ್ನು ಮಾತ್ರ ಕುಸುಬಿಯ ಹೂವಿನ ಬಣ್ಣದಲ್ಲಿ ಹೆಣೆದರೆ ಖಣದ ಅಂಗಿಗೂ ಹೊಂದುವುದು. ಇಡೀ ಕುಲಾವಿಯನ್ನು ಜಾಳಿಗೆಯಾಗಿ ಹೆಣೆಯುವವರುಂಟು. ನೋಟಕ್ಕೆ ಸೊಗಸು, ಆದರೆ ಗಾಳಿಯು ತೂತುಗಳಲ್ಲಿ ನೇರವಾಗಿ ನುಗ್ಗುವಾಗ ಅದನ್ನು ಬೆಚ್ಚನೆಯ ಕುಲಾವಿಯೆಂದು ಹೇಗೆ ಹೇಳೋಣ?

ಮಣಿ, ಗುಂಡಿ, ಗೆಜ್ಜೆಗಳನ್ನು ಪೋಣಿಸಕೂಡದು; ಕೂಸಿನ ಕೈಗೆ ಬಂದುದು ಬಾಯಿಗೆ ಹೋಗುವುದು. ಗಲ್ಲದ ಕೆಳಗಿನ ಕಸೆಯೂ ಬೇಡ. ಅಳತೆ ಸರಿಯಿದ್ದ ಕುಲಾವಿಗೆ ಕಸೆಯ ಗರಜಿಲ್ಲ, ಮೇಲಾಗಿ ಅದು ತೊಟ್ಟಿಲಲ್ಲಿ ಹೊರಳುವ ಕೂಸಿನ ಕೊರಳಿಗೆ ಸುತ್ತಿಕೊಳ್ಳಬಹುದು. ಇಲ್ಲಿ ಹಿರಿಯರೊಡನೆ ತುಸು ವಾದ ಬಂದೀತು. ಇನ್ನೊಂದು ವಾದವೂ ಬಂದೀತು: ಆರೋಗ್ಯವಾಗಿರುವ ಕೂಸು ಮನೆಯೊಳಗೆ ಮಲಗಿದಾಗ ಕುಲಾವಿಯನ್ನು ತೆಗೆದಿಡಬೇಕು. ಕಾವು ಹೋಗುವ ದಾರಿ ತಲೆಯೇ ಆದುದರಿಂದ, ಅದನ್ನು ಮುಚ್ಚಿ ಮೈಗೆ ದುಪ್ಪಟಿಯನ್ನೂ ಹೊದಿಸಿದರೆ ಕೂಸು ಅತಿಯಾಗಿ ಕಾಯುತ್ತದೆ. ನಿದ್ದೆಯಲ್ಲಿಯೇ ಕೂಸುಗಳು ಅಕಸ್ಮಾತ್ತಾಗಿ ತೀರಿಕೊಳ್ಳುವುದಕ್ಕೆ ಇದೂ ಒಂದು ಕಾರಣವೆಂದು ವೈದ್ಯರು ಎಚ್ಚರಿಸುತ್ತಾರೆ. ಕೊರಳ ಹಿಂದೆ ಬೆರಳಿಟ್ಟು ನೋಡಿ, ಬೆವರಿದ್ದರೆ ಕೂಡಲೆ ತೆಗೆಯಿರಿ. ತೀರ ಕಡಿಮೆ ತೂಕದ ಕೂಸಿನ ವಿಷಯದಲ್ಲಿ ಮಾತ್ರ ವೈದ್ಯರು ಹೇಳಿದಂತೆ ನಡೆಯತಕ್ಕದ್ದು.

ಒಗೆಯುವಾಗ ಉಗುರುಬೆಚ್ಚಗಿನ ನೀರಿನಲ್ಲಿ ಅಂಟುವಾಳದ ನೊರೆಗೆ ಅದ್ದಿ ಹಿಚುಕಿದರೆ ಸಾಕು. ಬಿಸಿನೀರಿನಲ್ಲಿ ತಿಕ್ಕಿದರೆ ಉಣ್ಣೆ ಕುಗ್ಗಿ ಕಂಬಳಿಯಾಗುವುದು. ತಲೆಯಷ್ಟು ದೊಡ್ಡ ಬೋಗುಣಿಯನ್ನು ಮಗುಚಿ ಅದರ ಮೇಲೆ ಹಾಕಿ ನೆರಳಲ್ಲಿ ಒಣಗಿಸಿರಿ. ಬೇಸಿಗೆಯಲ್ಲಿ ತೆಗೆದಿಡುವಾಗ ನ್ಯಾಫ್ತಲೀನ ಗುಳಿಗೆಗಳನ್ನು ಇಡಬೇಡಿರಿ. ಅದರ ಸೋಂಕಿನಿಂದ ಕೆಲವು ಕೂಸುಗಳ ರಕ್ತಕಣಗಳು ಒಡೆದು ಕಾಮಾಲೆಯಾಗುವುದುಂಟು. ಒಣಗಿದ ಬೇವಿನೆಲೆ ಸಾಕು. ಬರುವ ಚಳಿಗಾಲಕ್ಕೆ ಕೂಸಿನ ತಲೆ ಬೆಳೆದಿರುತ್ತದೆ. ಆಗ ಅಂಚಿನ ಗಂಟನ್ನು ಬಿಡಿಸಿ ಎಳೆದರೆ ಕುಲಾವಿಯು ಬಿಚ್ಚಿಬರುವುದು. ದಾರವನ್ನು ಲಡಿಯಾಗಿ ಸುತ್ತಿ, ಒದ್ದೆಮಾಡಿ ತೂಗುಹಾಕಿದರೆ ಸುರುಳಿ ಹೋಗಿ ನೆಟ್ಟಗಾಗುವುದು. ಅದಕ್ಕೆ ಇನ್ನೊಂದು ಸಣ್ಣ ಉಂಡೆಯನ್ನು ಕೂಡಿಸಿಕೊಂಡು, ಏಳನೆಯ ಸುತ್ತಿಗೂ ೧೨ ಕಂಬ ಹೆಚ್ಚಿಸಿ ೮೪ಕ್ಕೆ ತಂದರೆ ಎರಡನೆಯ ವರ್ಷದ ಕುಲಾವಿಯೂ ಸಿದ್ಧವಾಗುವುದು.